ಬ್ಯಾಕ್‌ಫಿಲ್ ಇಲ್ಲದ ಜಾಗ: ಇಂಡಿಯನ್ ಓಷನ್, ರೇಡಿಯೋಹೆಡ್ ಮತ್ತು ನಮ್ಮ ಭಾನುವಾರದ ಬ್ಯಾಂಡ್

(ವಿಡಿಯೋದಲ್ಲಿ ಆಡಿದ ಮಾತಿನ ಬರಹರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ನೋಯ್ಡಾ, ದ್ವಾರಕಾ, ಫರೀದಾಬಾದ್ ಕಡೆಯಿಂದ ಭಾನುವಾರದ ನಿದ್ದೆ ಬಿಟ್ಟು ಗುರುಗ್ರಾಮದವರೆಗೂ ಬಂದಿದ್ದೀರಿ. ಕಾಫಿ ಫ್ಲಾಸ್ಕ್ ಹಿಂದುಗಡೆ ಇದೆ. ಮಧ್ಯದಲ್ಲಿ ಎದ್ದು ಹೋಗಿ ಕುಡಿದು ಬನ್ನಿ, ನಾನೇನೂ ಬೇಜಾರು ಮಾಡ್ಕೊಳ್ಳಲ್ಲ.

ಇವತ್ತಿನ ವಿಷಯ ಎರಡು ಬ್ಯಾಂಡ್‌ಗಳು. ಒಂದು ಇಂಗ್ಲೆಂಡಿನ ರೇಡಿಯೋಹೆಡ್. ಇನ್ನೊಂದು ನಮ್ಮ ದೆಹಲಿಯ ಇಂಡಿಯನ್ ಓಷನ್. ಇಬ್ಬರ ಸಂಗೀತ ಎಲ್ಲಿಂದ ಶುರುವಾಗಿ ಎಲ್ಲಿಗೆ ಬಂತು ಅಂತ ಹೇಳ್ತೀನಿ. ಆದರೆ ಇದು ಸಂಗೀತದ ಕ್ಲಾಸ್ ಅಲ್ಲ. ಜೊತೇಲಿ ಹಾಡ್ತಿದ್ದ ಒಬ್ಬ ಇಲ್ಲವಾದ ಮೇಲೆ ಉಳಿದವರು ಏನು ಮಾಡಬೇಕು ಅನ್ನೋ ಪ್ರಶ್ನೆ ನನ್ನನ್ನ ಎರಡು ವರ್ಷ ಕಾಡಿತ್ತು. ಅದಕ್ಕೆ ಉತ್ತರ ಹುಡುಕ್ತಾ ಈ ಬ್ಯಾಂಡ್‌ಗಳ ಕಥೆಯನ್ನ ಮತ್ತೆ ಮೊದಲಿಂದ ಕೇಳಿದೆ.

ಮೊದಲು ನನ್ನ ವಿಷಯ ಹೇಳಿಬಿಡ್ತೀನಿ. ನಾನು ದಾವಣಗೆರೆಯವನು. 2006ರಲ್ಲಿ ಇಲ್ಲಿಗೆ ಬಂದೆ. ಆಗ ಗುಡಗಾಂವಿಗೆ ಮೆಟ್ರೋ ಇರಲಿಲ್ಲ, ಹೆಸರೂ ಗುರುಗ್ರಾಮ ಆಗಿರಲಿಲ್ಲ. ಡಿಎಲ್ಎಫ್ ಫೇಸ್ 3ರ ಯು ಬ್ಲಾಕ್‌ನಲ್ಲಿ ಒಂದು ಪಿಜಿ. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಒಂದು ಸೂಟ್‌ಕೇಸು, ಒಂದು ಚೀಲ ಚುರುಮುರಿ, ಒಂದು ಗಿಟಾರು ತಂದಿದ್ದೆ. ಹಾಗೇ ಒಬ್ಬೊಬ್ಬರೇ ಸೇರಿ ನಾಲ್ಕು ಜನ ಆದ್ವಿ. ನಾನು ಗಿಟಾರ್, ಒಬ್ಬ ಕೀಬೋರ್ಡ್, ಒಬ್ಬ ಢೋಲಕ್. ನಾಲ್ಕನೆಯವನು ಚಿತ್ರದುರ್ಗದವನು. ಅವನು ದಮ್ಮಡಿ ಬಡೀತಾ ಹಾಡ್ತಿದ್ದ. ಶರೀಫರ ಪದಗಳು, ಭಾವಗೀತೆ, ಒಂದೆರಡು ಸಿನಿಮಾ ಹಾಡು. ರಾಜ್ಯೋತ್ಸವಕ್ಕೆ, ಯುಗಾದಿಗೆ, ಯಾರದೋ ಮಗುವಿನ ನಾಮಕರಣಕ್ಕೆ ಹೋಗಿ ಹಾಡೋದು. ದುಡ್ಡಿನ ಮಾತಿಲ್ಲ, ಊಟ ಇದ್ರೆ ಸಾಕು. ಇಲ್ಲಿ ಕೂತಿರೋರಲ್ಲಿ ಕೆಲವರು ನಮ್ಮನ್ನ ಕೇಳಿದ್ದೀರಿ, ಸಹಿಸಿಕೊಂಡಿದ್ದೀರಿ.

2021ರ ಏಪ್ರಿಲ್-ಮೇ ತಿಂಗಳು ಇಲ್ಲಿ ಹೇಗಿತ್ತು ಅಂತ ನಿಮಗೆ ಹೇಳಬೇಕಿಲ್ಲ. ಆಗ ನಮ್ಮ ಹಾಡುಗಾರ ಹೋಗಿಬಿಟ್ಟ. ಹೆಚ್ಚು ಹೇಳಲ್ಲ.

ಆಮೇಲೆ ಒಂದು ವರ್ಷಕ್ಕೆ ನಮ್ಮ ಕೀಬೋರ್ಡಿನವನು ಫೋನ್ ಮಾಡಿ, "ಯಾರಾದ್ರೂ ಹಾಡೋರನ್ನ ನೋಡೋಣ ಕಣೋ" ಅಂದ. ನನಗೆ ಎಲ್ಲಿತ್ತೋ ಸಿಟ್ಟು. "ಅವನೇನು ಆಫೀಸ್ ರಿಸೋರ್ಸಾ, ಬ್ಯಾಕ್‌ಫಿಲ್ ಹಾಕೋಕೆ?" ಅಂತ ಕೂಗಾಡಿದೆ. ನಮ್ಮ ಕೆಲಸದಲ್ಲಿ ನೋಡಿ, ಒಬ್ಬ ರಾಜೀನಾಮೆ ಕೊಟ್ರೆ ಎಚ್ಆರ್‌ನವರು ಬ್ಯಾಕ್‌ಫಿಲ್ ಅಂತ ಒಂದು ಪೊಸಿಷನ್ ತೆಗೀತಾರೆ. ಹೊಸಬ ಬರ್ತಾನೆ, ಎರಡು ವಾರ ಕೆಟಿ ಆಗುತ್ತೆ, ಅದೇ ಸೀಟು, ಅದೇ ಟಿಕೆಟ್ಟು. ಮೂರು ತಿಂಗಳಾದ ಮೇಲೆ ಹಳೇ ಹೆಸರು ಯಾರಿಗೂ ನೆನಪಿರಲ್ಲ. ನನಗೆ ಅದೇ ಭಯ ಇತ್ತು. ಅವನ ಜಾಗದಲ್ಲಿ ಇನ್ನೊಬ್ಬರು ಕೂತರೆ ಅವನು ಇನ್ನೊಂದು ಸಲ ಹೋದ ಹಾಗೆ ಅನ್ನಿಸ್ತಿತ್ತು.

ಸರಿ, ಈಗ ಬ್ಯಾಂಡ್‌ಗಳ ಕಥೆಗೆ ಬರೋಣ.

ನಾಲ್ಕು ವರ್ಷ, ಎಂಟು ಆಲ್ಬಂ

ರೇಡಿಯೋಹೆಡ್ ಶುರುವಾಗಿದ್ದು ಆಕ್ಸ್‌ಫರ್ಡ್ ಹತ್ತಿರದ ಅಬಿಂಗ್ಡನ್ ಅನ್ನೋ ಊರಿನ ಶಾಲೆಯಲ್ಲಿ, 1985ರ ಸುಮಾರಿಗೆ. ಆಗ ಅವರ ಹೆಸರು 'ಆನ್ ಎ ಫ್ರೈಡೇ'. ಶುಕ್ರವಾರ ಪ್ರಾಕ್ಟೀಸ್ ಮಾಡ್ತಿದ್ರು, ಅದಕ್ಕೆ ಆ ಹೆಸರು. ಥಾಮ್ ಯಾರ್ಕ್, ಜಾನಿ ಗ್ರೀನ್‌ವುಡ್, ಅವರ ಅಣ್ಣ ಕಾಲಿನ್, ಎಡ್ ಓಬ್ರಯನ್, ಫಿಲಿಪ್ ಸೆಲ್ವೇ, ಹೀಗೆ ಐದು ಜನ.

ಇತ್ತ ದೆಹಲಿಯಲ್ಲಿ 1984ರಲ್ಲಿ ಸುಸ್ಮಿತ್ ಸೇನ್ ಅನ್ನೋ ಗಿಟಾರ್ ನುಡಿಸೋ ಹುಡುಗ, ಅಶೀಮ್ ಚಕ್ರವರ್ತಿ ಅನ್ನೋ ತಬಲಾ ನುಡಿಸೋ ಹುಡುಗನನ್ನ ಭೇಟಿಯಾದ. 1990ರಲ್ಲಿ ಇಂಡಿಯನ್ ಓಷನ್ ಅಂತ ಬ್ಯಾಂಡ್ ಆಯ್ತು. ಮರುವರ್ಷ ರಾಹುಲ್ ರಾಮ್ ಬಾಸ್ ಗಿಟಾರ್ ಹಿಡಿದು ಬಂದ್ರು. ಇವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪರಿಸರದ ವಿಷವಸ್ತುಗಳ ಬಗ್ಗೆ ಪಿಎಚ್‌ಡಿ ಮಾಡಿ, ವಾಪಸ್ ಬಂದು ನರ್ಮದಾ ಬಚಾವೋ ಆಂದೋಲನದಲ್ಲಿ ಓಡಾಡಿದವರು. 1994ರಲ್ಲಿ ಡ್ರಮ್ಸ್‌ಗೆ ಅಮಿತ್ ಕಿಲಮ್ ಬಂದ್ರು. ಈ ನಾಲ್ಕು ಜನರ ಬ್ಯಾಂಡೇ ನಮಗೆಲ್ಲ ಗೊತ್ತಿರೋ ಇಂಡಿಯನ್ ಓಷನ್.

ಈಗ ಒಂದು ತಮಾಷೆ ನೋಡಿ. ಇಬ್ಬರ ಆಲ್ಬಂಗಳನ್ನ ಅಕ್ಕಪಕ್ಕ ಇಟ್ಟು ಇಸವಿ ಬರ್ಕೊಂಡೆ. 1993, 1997, 2000, 2003. ಈ ನಾಲ್ಕೂ ವರ್ಷ ಇಬ್ಬರೂ ಆಲ್ಬಂ ತಂದಿದ್ದಾರೆ. ಇವರು ಅವರನ್ನ ನೋಡಿ ಮಾಡಿದ್ದಲ್ಲ, ಅವರಿಗೆ ಇವರು ಗೊತ್ತಿರೋದಂತೂ ದೂರದ ಮಾತು. ಸುಮ್ಮನೆ ಕಾಕತಾಳೀಯ. ಆದರೆ ಹೋಲಿಸಿ ನೋಡೋಕೆ ಚೆನ್ನಾಗಿದೆ.

1993. ರೇಡಿಯೋಹೆಡ್‌ನ ಮೊದಲ ಆಲ್ಬಂ 'ಪಾಬ್ಲೋ ಹನಿ'. ಅದರಲ್ಲಿನ 'ಕ್ರೀಪ್' ಹಾಡು ಪ್ರಪಂಚ ಪೂರ್ತಿ ಓಡಿತು. ನಮ್ಮ ಇಂಜಿನಿಯರಿಂಗ್ ಕಾಲೇಜ್ ಹಾಸ್ಟೆಲ್ಲಿನಲ್ಲೂ ಗಿಟಾರ್ ಕಲಿಯೋ ಪ್ರತಿಯೊಬ್ಬನೂ ಅದರಲ್ಲೇ ಕೈ ಸುಟ್ಕೊಳ್ತಿದ್ದ. ಅವರ ಕಂಪನಿ ಇಎಂಐ. ಅದೇ ವರ್ಷ ಇಂಡಿಯನ್ ಓಷನ್‌ನ ಮೊದಲ ಆಲ್ಬಂ ಬಂದಿದ್ದು ಎಚ್ಎಂವಿಯಿಂದ. ನಾಯಿ ಗ್ರಾಮಾಫೋನ್ ಮುಂದೆ ಕೂತಿರೋ ಚಿತ್ರ ಇರುತ್ತಲ್ಲ, ಅದೇ. ಭಾರತದ ಎಚ್ಎಂವಿ ಕೂಡ ಒಂದು ಕಾಲಕ್ಕೆ ಇಎಂಐ ಮನೆಯ ಕೂಸೇ.

1997. ರೇಡಿಯೋಹೆಡ್‌ನವರು ಬಾತ್ ನಗರದ ಹತ್ತಿರ ಒಂದು ಹಳೇ ಬಂಗಲೆ ಹಿಡಿದು, ಅಲ್ಲಿಯ ಕೋಣೆಗಳಲ್ಲಿ ಮೈಕ್ ಇಟ್ಟು 'ಓಕೆ ಕಂಪ್ಯೂಟರ್'ನ ಬಹುಭಾಗ ರೆಕಾರ್ಡ್ ಮಾಡಿದ್ರು. ಅದರಲ್ಲಿ ಒಂದು ಕಡೆ ಕಂಪ್ಯೂಟರ್ ದನಿಯೇ, ಭಾವವೇ ಇಲ್ಲದೆ, ಹೇಗೆ ಬದುಕಬೇಕು ಅಂತ ಪಟ್ಟಿ ಓದುತ್ತೆ. ನಮ್ಮ ಅಪ್ರೈಸಲ್ ಫಾರಂ ತರಾನೇ ಇದೆ. ಅದೇ ವರ್ಷ ಇಂಡಿಯನ್ ಓಷನ್‌ಗೆ ಬಂಗಲೆಯೂ ಇಲ್ಲ, ಸ್ಟುಡಿಯೋ ದುಡ್ಡೂ ಇಲ್ಲ. ನಾಟಕಕಾರ ಸಫ್ದರ್ ಹಾಶ್ಮಿ ಗೊತ್ತಲ್ಲ? 1989ರ ಜನವರಿ 1ರಂದು ಇಲ್ಲೇ ಸಾಹಿಬಾಬಾದ್‌ನಲ್ಲಿ ಬೀದಿನಾಟಕ ಆಡ್ತಿರುವಾಗ ಹಲ್ಲೆ ಆಗಿ, ಮರುದಿನ ತೀರಿಕೊಂಡರು. ಅವರ ನೆನಪಿನ ಸಹಮತ್ ಸಂಸ್ಥೆ ಹೊಸವರ್ಷದ ದಿನ ಕಾರ್ಯಕ್ರಮ ಮಾಡುತ್ತೆ. ಮಂಡಿ ಹೌಸ್ ಹತ್ತಿರದ ಅಂಥ ಕಾರ್ಯಕ್ರಮದಲ್ಲಿ ನುಡಿಸಿದ್ದನ್ನೇ ರೆಕಾರ್ಡ್ ಮಾಡಿ 'ಡೆಸರ್ಟ್ ರೇನ್' ಅಂತ ಹೊರತಂದ್ರು. ಜನವರಿ ಚಳಿಯಲ್ಲಿ ಬಯಲಲ್ಲಿ ನಿಂತು ಗಿಟಾರ್ ನುಡಿಸೋದು ಅಂದ್ರೆ ಏನು ಅಂತ ಇಲ್ಲಿರೋ ನಮಗೆ ಗೊತ್ತು. ಬೆರಳು ಮರಗಟ್ಟುತ್ತೆ.

2000. ಇದು ಇಬ್ಬರಿಗೂ ದೊಡ್ಡ ತಿರುವು. 'ಓಕೆ ಕಂಪ್ಯೂಟರ್' ಗೆದ್ದ ಮೇಲೆ ರೇಡಿಯೋಹೆಡ್ ಅದನ್ನೇ ಇನ್ನೊಂದು ಸಲ ಮಾಡಿದ್ರೆ ಯಾರೂ ಬೇಡ ಅಂತಿರಲಿಲ್ಲ. ಆದರೆ 'ಕಿಡ್ ಎ'ನಲ್ಲಿ ಗಿಟಾರನ್ನೇ ಬಹುಪಾಲು ಪಕ್ಕಕ್ಕಿಟ್ರು. ಸಿಂಥಸೈಜರ್, ಡ್ರಮ್ ಮಷೀನ್, ಕತ್ತರಿಸಿ ಅಂಟಿಸಿದ ದನಿ. ಬ್ಯಾಂಡ್‌ನಲ್ಲಿ ಮೂರು ಜನ ಗಿಟಾರಿನವರು! ಗಿಟಾರ್ ಬೇಡ ಅಂದ್ರೆ ಅವರು ಏನು ಮಾಡಬೇಕು? ಎಡ್ ಓಬ್ರಯನ್ ಆ ದಿನಗಳಲ್ಲಿ ಆನ್‌ಲೈನ್ ಡೈರಿ ಬರೀತಿದ್ರು. ಕೆಲವು ಹಾಡಿನಲ್ಲಿ ಒಬ್ಬೊಬ್ಬರು ಏನೂ ನುಡಿಸದೆ ಸುಮ್ಮನೆ ಇರೋದನ್ನ ಕಲಿಯಬೇಕಾಯ್ತು. ಜನ ಹಾಗೇ ಉಳಿದ್ರು, ಅವರವರ ಕೆಲಸ ಬದಲಾಯ್ತು. ಇದನ್ನ ನೆನಪಿಟ್ಕೊಳ್ಳಿ.

ಅದೇ ವರ್ಷ 'ಕಂದೀಸಾ'. ನಾನು ಇದನ್ನ ಕೇಳಿದ್ದು 2006ರಲ್ಲಿ, ಪಕ್ಕದ ಸೀಟಿನ ಬಂಗಾಳಿ ಸಹೋದ್ಯೋಗಿಯ ಹೆಡ್‌ಫೋನ್‌ನಲ್ಲಿ. "ಇದು ಯಾವ ಭಾಷೆ?" ಅಂತ ಕೇಳಿದೆ. ಅವನಿಗೂ ಗೊತ್ತಿರಲಿಲ್ಲ. ಕೇರಳದ ಸಿರಿಯನ್ ಕ್ರೈಸ್ತರ ಹಳೇ ಪ್ರಾರ್ಥನೆ ಅದು, ಅರಮೇಯಿಕ್ ಮೂಲದ ಸುರಿಯಾನಿ ಭಾಷೆಯದ್ದು. ಆ ಆಲ್ಬಂನಲ್ಲಿ ಏಳು ಟ್ರ್ಯಾಕ್. 'ಮಾ ರೇವಾ' ನರ್ಮದೆಯ ಹಾಡು, ರೇವಾ ಅಂದ್ರೆ ನರ್ಮದೆಯ ಇನ್ನೊಂದು ಹೆಸರು. ರಾಹುಲ್ ರಾಮ್ ಆ ಕಣಿವೆಯಿಂದ ತಂದಿದ್ದು. 'ಹಿಲ್ಲೆ ರೇ' ಗೋರಖ್ ಪಾಂಡೆಯವರ ಭೋಜಪುರಿ ಪದ್ಯ. ದೆಹಲಿಯಲ್ಲಿ ಕೂತ ನಾಲ್ಕು ಜನ ತಮ್ಮ ಮನೆಮಾತಲ್ಲದ ಭಾಷೆಗಳಲ್ಲಿ ಹಾಡ್ತಿದ್ದಾರೆ, ಆದರೂ ಯಾವುದೂ ಎರವಲು ಅನ್ನಿಸಲ್ಲ. ಯಾಕೆ ಅಂತ ಸ್ವಲ್ಪ ನುಡಿಸಿ ತೋರಿಸ್ತೀನಿ.

(ಇಲ್ಲಿ ಗಿಟಾರ್ ನುಡಿಸಿ ತೋರಿಸಿದ್ದು.)

ಮಾಮೂಲಿ ರಾಕ್‌ನಲ್ಲಿ ಗಿಟಾರಿನವನು ಕಾರ್ಡ್ ಬದಲಾಯಿಸ್ತಾ ಹೋಗ್ತಾನೆ, ಹಾಡು ಅದರ ಮೇಲೆ ಕೂರುತ್ತೆ. ಸುಸ್ಮಿತ್ ಸೇನ್ ಹಾಗೆ ಮಾಡಲ್ಲ. ತಂಬೂರಿ ತರ ಒಂದು ಸ್ವರ ಕೆಳಗೆ ಮೊಳಗ್ತಾನೇ ಇರುತ್ತೆ, ಮೇಲೆ ಒಂದೊಂದೇ ತಂತಿಯಲ್ಲಿ ರಾಗದ ತರ ಸ್ವರ ಬಿಡಿಸ್ತಾ ಹೋಗ್ತಾರೆ. ಅಮಿತ್ ಅವರ ಡ್ರಮ್ಸ್ ಚೌಕಟ್ಟು ಹಾಕುತ್ತೆ, ಅದರೊಳಗೆ ಅಶೀಮ್ ಅವರ ತಬಲಾ ತುಂಬಿಕೊಳ್ಳುತ್ತೆ. ಹಾಗಾಗಿ ಯಾವ ಊರಿನ ಜಾನಪದ ಬಂದ್ರೂ ಕೂರೋಕೆ ಜಾಗ ಇರುತ್ತೆ. ಅಮಿತ್ ಆಗಾಗ ಗಬ್‌ಗುಬಿ ಅಂತ ಬಂಗಾಳದ ಬಾವುಲರ ವಾದ್ಯ ನುಡಿಸ್ತಾರೆ. ಅದನ್ನ ನೋಡಿದ್ರೆ ಉತ್ತರ ಕರ್ನಾಟಕದವರು "ಇದು ನಮ್ಮ ಚೌಡಿಕೆ ಅಲ್ಲೇನ್ರೀ!" ಅಂತೀರಿ. ಸವದತ್ತಿ ಎಲ್ಲಮ್ಮನ ಜೋಗತಿಯರ ಕೈಯಲ್ಲಿ ಇರುತ್ತಲ್ಲ, ಅದರ ದಾಯಾದಿಯೇ.

2003. ರೇಡಿಯೋಹೆಡ್‌ನ 'ಹೇಲ್ ಟು ದ ಥೀಫ್', ಗಿಟಾರ್ ವಾಪಸ್ ಬಂತು, ಕಂಪ್ಯೂಟರ್ ಜೊತೆ ಸೇರ್ಕೊಂಡು. ಇತ್ತ ಇಂಡಿಯನ್ ಓಷನ್‌ನ 'ಝೀನಿ'. ಕಬೀರರು ನೇಕಾರರು, ಈ ದೇಹಾನ ತೆಳ್ಳಗೆ ನೇಯ್ದ ಹೊದಿಕೆ ಅಂತ ಕಂಡವರು. ಆ ಪದಾನ ಇವರು ಹಾಡಿದ್ದಾರೆ. ಶರೀಫರ ಪದ ಕೇಳಿ ಬೆಳೆದ ಕಿವಿಗೆ ಇದರ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ. ನಮ್ಮ ಹಾಡುಗಾರನಿಗೆ ಇದು ಪ್ರಾಣ. ಹಿಂದಿ ಸರಿಯಾಗಿ ಬರ್ತಿರಲಿಲ್ಲ ಅವನಿಗೆ. ಆಟೋದವನ ಜೊತೆ ಜಗಳ ಆಡೋಕೂ ನನ್ನನ್ನೇ ಕರೀತಿದ್ದ. ಆದರೆ 'ಝೀನಿ' ಮಾತ್ರ ಒಂದಕ್ಷರ ತಪ್ಪದೆ ಹಾಡ್ತಿದ್ದ.

ಆಮೇಲೆ 'ಬ್ಲಾಕ್ ಫ್ರೈಡೇ'. ಅನುರಾಗ್ ಕಶ್ಯಪ್ ಸಿನಿಮಾ. 1993ರ ಮುಂಬೈ ಸ್ಫೋಟಗಳ ಕೇಸು ಕೋರ್ಟಿನಲ್ಲಿದ್ದಿದ್ದರಿಂದ ಸಿನಿಮಾ ತೆರೆಗೆ ಬಂದಿದ್ದು 2007ರಲ್ಲಿ. ಪೀಯೂಷ್ ಮಿಶ್ರಾ ಬರೆದ 'ಬಂದೇ' ಹಾಡು ಅದಕ್ಕೂ ಮೊದಲೇ ಊರೆಲ್ಲ ಹರಡಿತ್ತು. 2007ರ ಚಳಿಗಾಲದಲ್ಲಿ ನಾನೂ ನಮ್ಮ ಹಾಡುಗಾರನೂ ದೆಹಲಿಯಲ್ಲಿ ಇವರನ್ನ ಮೊದಲ ಸಲ ನೋಡಿದ್ವಿ. ಅಶೀಮ್ ಚಕ್ಕಳಮಕ್ಕಳ ಹಾಕಿ ಕೂತು, ತಬಲಾ ನುಡಿಸ್ತಾ ಹಾಡ್ತಿದ್ರು. ಹಾಡೋದೂ ನುಡಿಸೋದೂ ಬೇರೆ ಬೇರೆ ಕೆಲಸ ಅಂತಾನೇ ಅನ್ನಿಸ್ತಿರಲಿಲ್ಲ. ನಮ್ಮವನು ಅವತ್ತು ರಾತ್ರಿ ಕ್ಯಾಬ್‌ನಲ್ಲಿ ಹೇಳಿದ, "ನೋಡ್ದೇನೋ, ನಾನು ದಮ್ಮಡಿ ಬಿಡಲ್ಲ ಅಂತ ಹೇಳ್ತಿದ್ದಿದ್ದು ಇದಕ್ಕೇ."

2009ರ ಡಿಸೆಂಬರ್

2009ರ ಅಕ್ಟೋಬರ್‌ನಲ್ಲಿ ಅಶೀಮ್ ಅವರಿಗೆ ದೋಹಾದಲ್ಲಿ ಹೃದಯಾಘಾತ ಆಯ್ತು. ಡಿಸೆಂಬರ್ 25ಕ್ಕೆ ದೆಹಲಿಯಲ್ಲಿ ತೀರಿಕೊಂಡರು.

ಆ ವಾರ ನಿಮಗೆ ನೆನಪಿರಬೇಕು. ಡಿಸೆಂಬರ್ 29ಕ್ಕೆ ಸಿ. ಅಶ್ವಥ್ ಹೋದ್ರು. ಅವರು ಹುಟ್ಟಿದ್ದೂ ಡಿಸೆಂಬರ್ 29, ಅವತ್ತಿಗೆ ಎಪ್ಪತ್ತು ತುಂಬಿತ್ತು. ಮರುದಿನ 30ಕ್ಕೆ ವಿಷ್ಣುವರ್ಧನ್. ಊರಿನಿಂದ ಫೋನ್ ಮೇಲೆ ಫೋನ್. ನಾವು ನಾಲ್ಕು ಜನ ಅವತ್ತು ರಾತ್ರಿ ರೂಮಲ್ಲಿ ಹೀಟರ್ ಹಾಕ್ಕೊಂಡು ಕೂತು ಅಶ್ವಥ್ ಅವರ ಹಾಡುಗಳನ್ನೆಲ್ಲ ಹಾಡಿದ್ವಿ. ಕೊನೆಗೆ ನಮ್ಮವನು, "ಇನ್ನೊಬ್ಬರು ಹೋದ್ರಲ್ಲೋ, ಅವರಿಗೂ ಒಂದು" ಅಂತ 'ಝೀನಿ' ಹಾಡಿದ. ನಮ್ಮ ಬಳಗದಲ್ಲಿ ಅಶೀಮ್ ಸುದ್ದಿ ನೆನಪಿಟ್ಟವನು ಅವನೊಬ್ಬನೇ.

ಈಗ ನನ್ನ ಪ್ರಶ್ನೆ. ಉಳಿದ ಮೂವರು ಏನು ಮಾಡಬೇಕಿತ್ತು?

ಇದಕ್ಕೆ ಇಂಗ್ಲೆಂಡಿನ ಇನ್ನೊಂದು ಬ್ಯಾಂಡ್ ಒಂದು ಉತ್ತರ ಕೊಟ್ಟಿತ್ತು. ಮ್ಯಾಂಚೆಸ್ಟರ್ ಕಡೆಯ ಜಾಯ್ ಡಿವಿಷನ್. ಅವರ ಹಾಡುಗಾರ ಇಯಾನ್ ಕರ್ಟಿಸ್ 1980ರ ಮೇ 18ಕ್ಕೆ, ಮೊದಲ ಅಮೆರಿಕ ಪ್ರವಾಸಕ್ಕೆ ಹೊರಡೋ ಹೊತ್ತಿನಲ್ಲಿ, ತೀರಿಕೊಂಡರು. ಯಾರೇ ಒಬ್ಬರು ಬಿಟ್ಟು ಹೋದ್ರೂ ಈ ಹೆಸರು ಇಟ್ಕೊಳ್ಳಲ್ಲ ಅಂತ ಅವರು ಮೊದಲೇ ಮಾತಾಡ್ಕೊಂಡಿದ್ರು. ಹಾಗೇ ಮಾಡಿದ್ರು. ನ್ಯೂ ಆರ್ಡರ್ ಅಂತ ಹೊಸ ಹೆಸರು, ಗಿಟಾರ್ ನುಡಿಸ್ತಿದ್ದ ಬರ್ನಾರ್ಡ್ ಸಮ್ನರ್ ಹಾಡೋಕೆ ನಿಂತ್ರು, ನಿಧಾನಕ್ಕೆ ಸಿಂಥಸೈಜರ್ ಕಡೆ ಹೊರಳಿದ್ರು. 1983ರ 'ಬ್ಲೂ ಮಂಡೇ' ಕೇಳಿದ್ರೆ ಇದು ಆ ಹಳೇ ಬ್ಯಾಂಡಿನ ಜನ ಅಂತ ನಂಬೋದು ಕಷ್ಟ. ಹೆಸರು ಮುಚ್ಚಿಟ್ಟು ಮುಂದೆ ಹೋಗೋದು. ಅದು ಒಂದು ದಾರಿ.

ರೇಡಿಯೋಹೆಡ್‌ದು ಇನ್ನೊಂದು ದಾರಿ. ಶಾಲೆಯಲ್ಲಿದ್ದ ಐದು ಜನರೇ ಕೊನೇವರೆಗೂ. ಬೇಸರ ಬಂದಾಗ ಬ್ಯಾಂಡ್ ನಿಲ್ಲುತ್ತೆ, ಅವರವರು ಹೊರಗೆ ಹೋಗಿ ಬೇರೆ ಕೆಲಸ ಮಾಡ್ತಾರೆ. ಜಾನಿ ಗ್ರೀನ್‌ವುಡ್ ನಮ್ಮ ಪಕ್ಕದ ರಾಜಸ್ಥಾನಕ್ಕೇ ಬಂದು ಜೋಧಪುರದ ಮೆಹ್ರಾನ್‌ಗಢ ಕೋಟೆಯಲ್ಲಿ ಅಲ್ಲಿನ ಕಲಾವಿದರ ಜೊತೆ 'ಜುನೂನ್' ಅಂತ 2015ರಲ್ಲಿ ಆಲ್ಬಂ ಮಾಡಿದ್ರು. ಐದು ಜನರಲ್ಲಿ ಯಾರೂ ಬ್ಯಾಂಡ್ ಬಿಟ್ಟಿಲ್ಲ. ಇದು ಚೆನ್ನಾಗಿದೆ. ಆದರೆ ಐದೂ ಜನ ಆರೋಗ್ಯವಾಗಿರೋದು ಅವರ ಪುಣ್ಯ. ಆ ಪುಣ್ಯ ಎಲ್ಲರಿಗೂ ಸಿಗಲ್ಲ.

ಇನ್ನು ನಮ್ಮ ಕರಾವಳಿಯವರಿಗೆ ಮೂರನೇ ದಾರಿ ಗೊತ್ತು. ಯಕ್ಷಗಾನದಲ್ಲಿ ಭಾಗವತರು ಬದಲಾಗ್ತಾರೆ, ಮೇಳ ಅದೇ ಇರುತ್ತೆ. ರಾತ್ರಿಯಿಡೀ ಕೂತ ಅಜ್ಜಂದಿರು "ಹಿಂದಿನವರ ಪದದ ಹಾಗಲ್ಲ ಮಾರಾಯ್ರೆ" ಅಂತ ಗೊಣಗ್ತಾರೆ, ಗೊಣಗ್ತಾನೇ ಬೆಳಗಿನವರೆಗೂ ನೋಡ್ತಾರೆ.

ಇಂಡಿಯನ್ ಓಷನ್ ಮಾಡಿದ್ದು ಏನು? ಮೊದಲು, ಅಶೀಮ್ ಇದ್ದಾಗಲೇ ರೆಕಾರ್ಡ್ ಆಗಿದ್ದ ಹಾಡುಗಳನ್ನ ಜನರಿಗೆ ತಲುಪಿಸಿದ್ರು. ಕರೋಲ್ ಬಾಗ್‌ನಲ್ಲಿ ಒಂದು ಹಳೇ ಮನೆ, ಅಲ್ಲೇ ವರ್ಷಗಟ್ಟಲೆ ಇವರ ಪ್ರಾಕ್ಟೀಸ್. ಮನೆಯ ವಿಳಾಸವೇ ಆಲ್ಬಂ ಹೆಸರು: '16/330 ಖಜೂರ್ ರೋಡ್'. 2010ರ ಜುಲೈನಿಂದ ತಿಂಗಳಿಗೊಂದು ಹಾಡು, ಒಟ್ಟು ಏಳು, ಇಂಟರ್ನೆಟ್‌ನಲ್ಲಿ ಪುಕ್ಕಟೆ. ಇದಕ್ಕೆ ಮೂರು ವರ್ಷ ಮೊದಲು, 2007ರ ಅಕ್ಟೋಬರ್‌ನಲ್ಲಿ ರೇಡಿಯೋಹೆಡ್ 'ಇನ್ ರೇನ್‌ಬೋಸ್' ಆಲ್ಬಂನ "ನಿಮಗೆ ಎಷ್ಟು ಕೊಡಬೇಕು ಅನ್ನಿಸುತ್ತೋ ಅಷ್ಟು ಕೊಡಿ" ಅಂತ ನೆಟ್‌ನಲ್ಲಿ ಬಿಟ್ಟು ಸುದ್ದಿ ಮಾಡಿತ್ತು. ಕಂಪನಿಯ ಹಂಗಿಲ್ಲದೆ ನೇರ ಕೇಳುಗರ ಹತ್ರ ಹೋಗೋದರಲ್ಲಿ ಇಬ್ಬರೂ ಒಂದೇ. ಆದರೆ ನಮ್ಮ ಪಾಲಿಗೆ ಖಜೂರ್ ರೋಡ್ ಅಂದ್ರೆ ವ್ಯಾಪಾರದ ಹೊಸ ಉಪಾಯ ಆಗಿರಲಿಲ್ಲ. ಹೋದ ಮನುಷ್ಯನ ದನಿ ಏಳು ತಿಂಗಳು, ತಿಂಗಳಿಗೊಂದು ಸಲ ಮನೆಗೆ ಬರ್ತಿತ್ತು. ನಮ್ಮ ಹಾಡುಗಾರ ತಿಂಗಳ ಕೊನೆಗೆ ಅದಕ್ಕೇ ಕಾಯ್ತಿದ್ದ.

ಆಮೇಲೆ, ಹೆಸರು ಬಿಡಲಿಲ್ಲ. ಹಾಗಂತ ಅಶೀಮ್ ತರದ ಇನ್ನೊಬ್ಬರನ್ನ ಹುಡುಕಲೂ ಇಲ್ಲ. ತಬಲಾಗೆ ತುಹಿನ್ ಚಕ್ರವರ್ತಿ ಬಂದ್ರು, ಹಾಡೋಕೆ ಹಿಮಾಂಶು ಜೋಶಿ ಬಂದ್ರು. ಒಬ್ಬರ ಜಾಗಕ್ಕೆ ಇಬ್ಬರು! ನಾಲ್ಕು ಜನರ ಬ್ಯಾಂಡ್ ಐದು ಜನರದ್ದಾಯ್ತು. ಆ ಜಾಗದ ಅಳತೆಗೆ ಸರಿಯಾಗೋ ಒಬ್ಬ ಮನುಷ್ಯ ಇಲ್ಲ ಅಂತ ಒಪ್ಕೊಂಡ ಹಾಗೆ ಅದು.

ನಿಜ ಹೇಳ್ತೀನಿ, 2011ರಲ್ಲಿ ಈ ಹೊಸ ಐದು ಜನರನ್ನ ನೋಡಿದಾಗ ನನಗೆ ಹಿಡಿಸಲಿಲ್ಲ. ಹಿಮಾಂಶು ಅವರದ್ದು ಹಿಂದೂಸ್ತಾನಿಯಲ್ಲಿ ಪಳಗಿದ ದೊಡ್ಡ ದನಿ, ಮೇಲಿನ ಸಪ್ತಕಕ್ಕೆ ಸಲೀಸಾಗಿ ಏರುತ್ತೆ. ಅಶೀಮ್ ಅವರದ್ದು ಒರಟು, ಎದೆಯೊಳಗಿಂದ ಬರೋದು. ನನ್ನ ಕಿವಿ ಹಳೇದನ್ನೇ ಹುಡುಕ್ತಿತ್ತು. ಮಧ್ಯದಲ್ಲೇ ಎದ್ದು ಹೊರಗೆ ಬಂದು ಟೀ ಕುಡೀತಾ ನಿಂತೆ. ನಮ್ಮವನು ಮಾತ್ರ ಕೊನೇವರೆಗೂ ಇದ್ದ. ವಾಪಸ್ ಬರ್ತಾ ಹೇಳಿದ, "ಅವರು ಹಳೇ ಹಾಡನ್ನ ಹಳೇ ತರ ಹಾಡಿದ್ರೆ ನಿನಗೆ ಇನ್ನೂ ಸಿಟ್ಟು ಬರ್ತಿತ್ತು." ಆಗ ನಾನು ಒಪ್ಪಲಿಲ್ಲ.

2013ರಲ್ಲಿ ಸುಸ್ಮಿತ್ ಸೇನ್ ಕೂಡ ಬ್ಯಾಂಡ್ ಬಿಟ್ಟು ತಮ್ಮದೇ ದಾರಿ ಹಿಡಿದ್ರು. ಶುರು ಮಾಡಿದ ಇಬ್ಬರೂ ಈಗಿಲ್ಲ. ಯಾವ ಗಿಟಾರ್ ಕೇಳಿದ್ರೆ "ಇದು ಇಂಡಿಯನ್ ಓಷನ್" ಅಂತ ಎರಡು ಸೆಕೆಂಡಿನಲ್ಲಿ ಹೇಳಬಹುದಿತ್ತೋ ಆ ಗಿಟಾರೇ ಹೋಯ್ತು. ನಿಖಿಲ್ ರಾವ್ ಬಂದ್ರು. ಇಲ್ಲಿ ಮುಗೀತು ಅಂತ ನಾನು ಅಂದ್ಕೊಂಡಿದ್ದೆ. 2014ರಲ್ಲಿ 'ತಂದನು' ಬಂತು. ಅದರಲ್ಲಿ ಶುಭಾ ಮುದ್ಗಲ್, ಶಂಕರ್ ಮಹಾದೇವನ್, ಪಂಡಿತ್ ವಿಶ್ವಮೋಹನ ಭಟ್, ಪಿಟೀಲಿನ ಕುಮರೇಶ್, ಸೆಲ್ವಗಣೇಶ್ ಹೀಗೆ ಹೊರಗಿನವರು ಬಂದು ಕೂಡಿಕೊಂಡಿದ್ದಾರೆ. 2015ರಲ್ಲಿ 'ಮಸಾನ್' ಸಿನಿಮಾಕ್ಕೆ ಸಂಗೀತ. ವರುಣ್ ಗ್ರೋವರ್ ಬರೆದ ಹಾಡುಗಳು. ಅದನ್ನ ನಿಮ್ಮಲ್ಲಿ ಕೇಳದವರು ಯಾರೂ ಇರಲಿಕ್ಕಿಲ್ಲ. ಕಾಶಿಯ ಮಸಣದ ಕಥೆ ಅದು. ಇಬ್ಬರನ್ನ ಕಳ್ಕೊಂಡ ಬ್ಯಾಂಡ್, ಕಳ್ಕೊಂಡವರ ಸಿನಿಮಾಕ್ಕೆ ಹಾಡು ಮಾಡಿದೆ. 2023ರಲ್ಲಿ 'ತೂ ಹೈ' ಅಂತ ಇನ್ನೊಂದು ಆಲ್ಬಂ ಬಂತು.

ಏನೂ ನಷ್ಟ ಆಗಲಿಲ್ಲ ಅಂತ ನಾನು ಹೇಳ್ತಿಲ್ಲ. 'ಕಂದೀಸಾ' ಕಾಲದ ಆ ನಾಲ್ಕು ಜನರ ನಾದ ಮತ್ತೆ ಬರಲಿಲ್ಲ, ಬರೋದೂ ಇಲ್ಲ. ಆ ಆಲ್ಬಂನಲ್ಲಿ ಮಾತಿಲ್ಲದ ಒಂದು ವಾದ್ಯದ ತುಣುಕಿದೆ, ಹೆಸರು 'ಲೀವಿಂಗ್ ಹೋಮ್'. ಮನೆ ಬಿಟ್ಟು ಹೊರಡೋದು. ಜೈದೀಪ್ ವರ್ಮಾ ಈ ಬ್ಯಾಂಡ್ ಬಗ್ಗೆ ಮಾಡಿದ, 2010ರಲ್ಲಿ ಥಿಯೇಟರಿಗೂ ಬಂದ ಸಾಕ್ಷ್ಯಚಿತ್ರಕ್ಕೂ ಅದೇ ಹೆಸರು. ಸಿಕ್ಕಿದ್ರೆ ನೋಡಿ, ಅಶೀಮ್ ಅದರಲ್ಲಿ ಮಾತಾಡೋದು ಸಿಗುತ್ತೆ. ಮನೆ ಬಿಟ್ಟು ಬಂದ ನಮಗೆ ಒಂದು ವಿಷಯ ಗೊತ್ತು. ಬಿಟ್ಟ ಮನೆಯನ್ನ ಇಲ್ಲಿ ಹಾಗೇ ಕಟ್ಟೋಕೆ ಆಗಲ್ಲ. ಇಲ್ಲಿ ಸಿಗೋ ಬೇಳೆಯಲ್ಲೇ ಸಾರು ಮಾಡ್ತೀವಿ. ಅಮ್ಮನ ಸಾರಿನ ರುಚಿ ಬರಲ್ಲ, ಆದ್ರೂ ಸಾರು ಅಂತಾನೇ ಕರೀತೀವಿ, ಮಕ್ಕಳಿಗೆ ಅದೇ ಮನೆ ಸಾರು.

ಮತ್ತೆ ನಮ್ಮ ವಿಷಯ

ಅವನು ಹೋಗಿ ಎರಡು ವರ್ಷ ನಾನು ಗಿಟಾರ್ ಕವರ್ ತೆಗೀಲಿಲ್ಲ. 2023ರಲ್ಲಿ ಒಂದು ದಿನ ಅವನ ಹೆಂಡತಿ ಚಿತ್ರದುರ್ಗದಿಂದ ಫೋನ್ ಮಾಡಿದ್ರು. "ಅಣ್ಣ, ಮಗಳು ಅಪ್ಪನ ಹಾಡು ಕೇಳ್ತಾಳೆ. ನಿಮ್ಮ ಹತ್ರ ಅವರು ಹಾಡಿದ ರೆಕಾರ್ಡಿಂಗ್ ಎಷ್ಟಿದೆ?" ಅಂತ ಕೇಳಿದ್ರು. ಮೂವರೂ ಫೋನು, ಹಳೇ ಹಾರ್ಡ್‌ಡಿಸ್ಕ್ ಎಲ್ಲ ಜಾಲಾಡಿದ್ವಿ. ಹತ್ತು ವರ್ಷಕ್ಕೂ ಹೆಚ್ಚು ಜೊತೇಲಿ ಹಾಡಿದ್ದೀವಿ. ಸಿಕ್ಕಿದ್ದು ಮೂರು. ಒಂದರಲ್ಲಿ ಕುಕ್ಕರ್ ವಿಸಿಲ್. ಒಂದು ಅರ್ಧಕ್ಕೇ ನಿಂತಿದೆ, ಯಾರದೋ ಕರೆ ಬಂದಿರಬೇಕು. ಇನ್ನೊಂದರಲ್ಲಿ ನನ್ನ ಗಿಟಾರೇ ಜೋರಾಗಿ ಕೇಳುತ್ತೆ, ಅವನ ದನಿ ಹಿಂದೆ ಎಲ್ಲೋ.

ಆ ಮೂರನ್ನ ಕಳಿಸುವಾಗ ನನಗೆ ನಾಚಿಕೆ ಆಯ್ತು. ಖಜೂರ್ ರೋಡ್‌ನ ಏಳು ಹಾಡು ನೆನಪಾಯ್ತು. ಅವನ ಜಾಗಾನ ಖಾಲಿ ಇಟ್ಟು ಅವನನ್ನ ಉಳಿಸಿಕೊಂಡಿದ್ದೀನಿ ಅಂತ ನಾನು ಅಂದ್ಕೊಂಡಿದ್ದೆ. ಉಳಿಸಿದ್ದು ಬರೀ ಖಾಲಿ ಜಾಗ. ಅವನು ಹಾಡಿದ ಪದಗಳನ್ನೂ ಎರಡು ವರ್ಷ ಯಾರೂ ಹಾಡಿರಲಿಲ್ಲ. ಈ ಮಾತನ್ನ ಅವರಿಗೆ ಹೇಳಿದಾಗ ಅವರಿಗೆ ಆಶ್ಚರ್ಯ. "ನಿಲ್ಲಿಸಿದ್ದೀರಾ? ಯಾಕಣ್ಣ?" ಅಷ್ಟೇ ಕೇಳಿದ್ದು. ನನ್ನ ಹತ್ರ ಉತ್ತರ ಇರಲಿಲ್ಲ.

ಅವತ್ತೇ ಕೀಬೋರ್ಡಿನವನಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅವನು "ಬಿಡೋ, ಭಾನುವಾರ ಬಾ" ಅಂದ.

ಈಗ ನಮ್ಮ ಜೊತೆ ಹಾಡ್ತಿರೋರು ಧಾರವಾಡದ ಒಬ್ಬ ಹೆಣ್ಣುಮಗಳು, ನೋಯ್ಡಾದಲ್ಲಿ ಟೆಸ್ಟಿಂಗ್ ಕೆಲಸ. ಅವನು ಸಿ ಶಾರ್ಪ್‌ನಲ್ಲಿ ಹಾಡ್ತಿದ್ದ, ಇವರದ್ದು ಜಿ ಶಾರ್ಪ್. ನನ್ನ ಬೆರಳು ಹತ್ತು ವರ್ಷ ಕಲಿತಿದ್ದ ಜಾಗಗಳೆಲ್ಲ ಬದಲಾದವು. ಮೊದಲ ತಿಂಗಳು ನಾನು ಒಳಗೊಳಗೇ "ಅವನು ಇದನ್ನ ಹೀಗೆ ಎಳೀತಿರಲಿಲ್ಲ" ಅಂದ್ಕೊಳ್ತಿದ್ದೆ. ಒಂದು ಸಲ ಬಾಯಿಬಿಟ್ಟೂ ಹೇಳಿದೆ. ಅವರು ಬೇಜಾರು ಮಾಡ್ಕೊಳ್ಳದೆ, "ಅವರು ಹ್ಯಾಂಗ ಹಾಡ್ತಿದ್ರು ನಂಗ ಕೇಳಸ್ರಿ ಸರ್. ಕೇಳತೇನಿ. ಆದರ ನಾ ನನ್ನಂಗ ಹಾಡತೇನಿ" ಅಂದ್ರು. ಆ ಕುಕ್ಕರ್ ವಿಸಿಲ್ ರೆಕಾರ್ಡಿಂಗ್ ಹಾಕಿದೆ. ಪೂರ್ತಿ ಕೇಳಿ ಎರಡು ನಿಮಿಷ ಸುಮ್ಮನಿದ್ರು. ಆಮೇಲೆ ಅದೇ ಪದಾನ ಬೇರೆ ನಡೆಯಲ್ಲಿ ಶುರು ಮಾಡಿದ್ರು. ಢೋಲಕ್‌ನವನು ಅವರನ್ನ ಹಿಂಬಾಲಿಸಿದ. ನಾನೂ ಹಿಂಬಾಲಿಸಿದೆ. 'ಕಿಡ್ ಎ' ಕಾಲದ ಗಿಟಾರಿನವರ ತರ, ಮೊದಲ ಎರಡು ಚರಣ ನಾನು ಏನೂ ನುಡಿಸದೆ ಕೂರೋದೇ ಚೆಂದ ಅಂತ ಈಗ ಗೊತ್ತಾಗಿದೆ.

ದಮ್ಮಡಿ ನುಡಿಸೋರು ಇನ್ನೂ ಸಿಕ್ಕಿಲ್ಲ. ಅವನ ದಮ್ಮಡಿ ನನ್ನ ಮನೆಯಲ್ಲೇ ಇದೆ. ಬೇಸಿಗೆ ರಜಕ್ಕೆ ಅವನ ಮಗಳು ದೆಹಲಿಗೆ ಬಂದಿದ್ದಾಗ ಅದನ್ನ ತಗೊಂಡು ಮನೆಯೆಲ್ಲ ಬಡ್ಕೊಂಡು ಓಡಾಡಿದಳು. ತಾಳ ಇನ್ನೂ ಇಲ್ಲ. ಬರುತ್ತೆ.

ಇಷ್ಟೇ ನಾನು ಹೇಳಬೇಕು ಅಂತ ಇದ್ದಿದ್ದು. ಎರಡು ಕೆಲಸ ಮಾಡಿ ಅಂತ ಕೇಳ್ಕೋತೀನಿ. ಒಂದು, ಜೊತೇಲಿ ಹಾಡೋರು, ಭಜನೆ ಮಾಡೋರು, ಸುಮ್ಮನೆ ಮನೆಯಲ್ಲಿ ಗುನುಗೋ ಅಮ್ಮ, ಅತ್ತೆ, ಯಾರೇ ಇರಲಿ, ಇವತ್ತೇ ರೆಕಾರ್ಡ್ ಮಾಡಿ. ಕುಕ್ಕರ್ ಆಫ್ ಮಾಡಿ ರೆಕಾರ್ಡ್ ಮಾಡಿ. ಎರಡು, ಯಾರಾದ್ರೂ ಬಿಟ್ಟು ಹೋದ್ರು ಅಂತ ನಿಂತುಹೋಗಿರೋ ನಿಮ್ಮ ತಂಡ ಇದ್ರೆ, ಅದು ಬ್ಯಾಂಡೇ ಆಗಬೇಕಿಲ್ಲ, ನಾಟಕದ ಗುಂಪು, ಕ್ರಿಕೆಟ್ ಟೀಮು ಏನೇ ಇರಲಿ, ಈ ವಾರ ಒಬ್ಬರಿಗೆ ಫೋನ್ ಮಾಡಿ. ಹೊಸಬರು ಬಂದ್ರೆ ಅವರಿಗೆ ಹಳಬರ ಕಥೆ ಹೇಳಿ. ಆದರೆ ಹಳಬರ ತರ ಇರಿ ಅಂತ ಕೇಳಬೇಡಿ.

ಈಗ ಒಂದು ಪದ ಹಾಡಿ ಮುಗಿಸ್ತೀವಿ. ಜಿ ಶಾರ್ಪ್‌ನಲ್ಲಿ. ಬನ್ನಿ ಮೇಡಂ.